ಟ್ರಿಪ್ಪಾಗದ ಮೋಟಾರು

ಹೆದ್ದಾರಿ ಬದಿಯ ಚನ್ನವೀರನ ಟೈರ್ ಅಂಗಡಿಯಲ್ಲಿ ಕಂಪ್ರೆಸರ್ ಮೋಟಾರು ಟ್ಯಾಂಕಿಗೆ ಗಾಳಿ ತುಂಬಿ ಲೋಡ್ ಹೆಚ್ಚಾದ ಕೂಡಲೇ ಟ್ರಿಪ್ಪಾಗಿ ನಿಲ್ಲುತ್ತಿತ್ತು. ಎಲೆಕ್ಟ್ರಿಷಿಯನ್ ಹಾಲಪ್ಪ ಎಲ್ಲ ಬಿಚ್ಚಿ ನೋಡಿದ.

"ಮೋಟಾರು ಚೆನ್ನಾಗೇ ಇದೆ, ಅಣ್ಣ. ಗಾಳಿ ತುಂಬಿದ ಮೇಲೆ ನಿಲ್ಲಿಸೋ ಸ್ವಿಚ್ಚು ಕೆಟ್ಟಿದೆ. ಹೆಚ್ಚಾದ ಗಾಳಿ ಬಿಡೋ ವಾಲ್ವು ತುಕ್ಕು ಹಿಡಿದು ಕೂತಿದೆ. ಟ್ರಿಪ್ಪಾಗ್ತಿರೋದರಿಂದಲೇ ಟ್ಯಾಂಕು ಇನ್ನೂ ಸಿಡಿದಿಲ್ಲ."

"ಹೊರಗೆ ಲಾರಿಗಳು ಸಾಲುಗಟ್ಟಿವೆ ಮಾರಾಯ. ಆ ಟ್ರಿಪ್ಪೇ ಆಗದ ಹಾಗೆ ಡೈರೆಕ್ಟ್ ಕೊಟ್ಟುಬಿಡು."

"ಜೀವ ತೆಗೆಯೋ ಕೆಲಸ ನಾನು ಮಾಡಲ್ಲ. ಹೊಸ ವಾಲ್ವು, ಸ್ವಿಚ್ಚು ತರ್ತೀನಿ. ಅಲ್ಲೀತನಕ ಯಾರೂ ಮುಟ್ಟಬೇಡಿ."

ಪೇಟೆಯಲ್ಲಿ ಹಾಲಪ್ಪ ಅವೆರಡನ್ನೂ ಕೊಂಡು ಬೈಕ್ ಹತ್ತುವಾಗ ಚನ್ನವೀರನ ಫೋನ್ ಬಂತು.

"ಏನೂ ತರಬೇಡ ಹಾಲಪ್ಪ. ಬೇರೆಯವನ ಕೈಲಿ ಡೈರೆಕ್ಟ್ ಮಾಡಿಸಿದೆ. ಆಮೇಲೆ ಒಂದು ಸಲಾನೂ ಟ್ರಿಪ್ಪಾಗಿಲ್ಲ."

"ಅಯ್ಯೋ ಅಣ್ಣ, ಮೊದಲು ಮೇನ್ ಆಫ್ ಮಾಡಿ!"

"ನಾನು ಊಟಕ್ಕೆ ಮನೆಗೆ ಬಂದಿದೀನಪ್ಪ."

"ಹಾಗಾದರೆ ಅಂಗಡೀಲಿ ಯಾರಿದಾರೆ? ಅವರಿಗೆ ಫೋನ್ ಮಾಡಿ, ಓಡಿಹೋಗೋಕೆ ಹೇಳಿ!"

"ನಿನ್ನ ಹತ್ರಾನೇ ವೈರಿಂಗ್ ಕಲಿತ ನಿನ್ನ ಅಳಿಯಾನೇ ಇದಾನೆ, ಡೈರೆಕ್ಟ್ ಕೊಟ್ಟವನೂ ಅವನೇ. ಆಗಲಿಂದ ಫೋನ್ ಮಾಡ್ತಿದೀನಿ, ಯಾಕೋ ಎತ್ತುತ್ತಿಲ್ಲ."