ಜಡೆಗೆ ಮುಡಿದ ಬಿಳಿ ಹೂವು

ಪಾದಯಾತ್ರೆ ಮುಗಿಸಿ ಬಂದ ಮಗಳ ಚೂಡಿದಾರ ಒಗೆಯುತ್ತಿದ್ದೇನೆ. ಅಂಚಿಗೆ ಸಿಕ್ಕಿರುವ ಕಾಂಗ್ರೆಸ್ ಗಿಡದ ಘಾಟಿಗೆ ಅಜ್ಜಿ ನೆನಪಾಗುತ್ತಾಳೆ.

ನನಗಾಗ ಎಂಟು ವರ್ಷ. ನನ್ನ ಜ್ವರ ಬಿಟ್ಟಿದ್ದಕ್ಕೆ ಹರಕೆ ತೀರಿಸಲು ಅಜ್ಜಿ, ನಾನು ಇಬ್ಬರೂ ನಮ್ಮೂರು ಐ.ಡಿ.ಹಳ್ಳಿಯಿಂದ ಪಾವಗಡದ ಶನಿಮಹಾತ್ಮನ ಗುಡಿಗೆ ನಡೆದೇ ಹೋಗಿ, ನಡೆದೇ ಬಂದೆವು. ದಾರಿಯುದ್ದಕ್ಕೂ ಹೊಲಗಳನ್ನು ಆ ಗಿಡ ನುಂಗಿತ್ತು. ನಮ್ಮ ಕಡಲೆಕಾಯಿ ಹೊಲಕ್ಕೆ ಮಾತ್ರ, ದೇವರ ದಯೆ, ಇನ್ನೂ ಬಂದಿರಲಿಲ್ಲ. ವಾಪಸು ಬರುವಾಗ ಆ ಗಿಡದ ಬಿಳಿ ಹೂವು ಚೆಂದ ಕಂಡು ನಾನೊಂದು ಗೊಂಚಲು ಜಡೆಗೆ ಮುಡಿದಿದ್ದೆ.

ನಮ್ಮ ಹೊಲದ ಬದುವಿನಲ್ಲಿ ಅಜ್ಜಿ ಅದನ್ನು ಕಂಡಳು.

“ಲೇ, ಪ್ರಸಾದ ತತ್ತಾಳೆ ಅಂದ್ರೆ ಮಾರೀನೇ ತಂದ್ಬುಟ್ಟಲ್ಲೇ! ಒಂದು ಬೀಜ ಉದುರಿದ್ರೂ ಹೊಲ ಹೋಯ್ತು. ಅಲ್ಲಾಡ್ಬೇಡ!”

ಕಾಲಿನ ಬೊಬ್ಬೆ ಮರೆತು, ಬುತ್ತಿ ಕಟ್ಟಿದ್ದ ಬಟ್ಟೆಯನ್ನು ಬಂಡೆಯ ಮೇಲೆ ಹಾಸಿ ನನ್ನನ್ನು ಕೂರಿಸಿದಳು. ಜಡೆ ಬಿಚ್ಚಿ ಬಾಚಿದಳು. ಲಂಗದ ನೆರಿಗೆ, ಚಪ್ಪಲಿ ಎಲ್ಲ ಕೊಡವಿದಳು.

ಪಕ್ಕದ ಹೊಲದ ತಾಯಮ್ಮ ನಕ್ಕಳು. “ಏನಜ್ಜಿ, ಪಾವಗಡದಿಂದ ಹೇನು ತಂದ್ರಾ?”

“ಹೂಂ ಕಣಮ್ಮ, ಹೊಲ ತಿನ್ನೋ ಹೇನು!” ಎನ್ನುತ್ತಾ ಅಜ್ಜಿ ಉದುರಿದ್ದನ್ನೆಲ್ಲ ಬಟ್ಟೆಯ ಸಮೇತ ಸುಟ್ಟಳು.

ಮಳೆ ಬಿದ್ದು ಬಿತ್ತನೆಯಾದ ಮೇಲೆ ನಾನು ದಿನಾ ಹೊಲಕ್ಕೆ ಓಡಿ, ಶನಿಮಹಾತ್ಮನಿಗೆ ಕೈಮುಗಿದು, ಆ ಗಿಡ ಮೊಳೆತಿದೆಯೇ ಎಂದು ಸಾಲು ಸಾಲು ನೋಡುತ್ತಿದ್ದೆ. ಕಳೆ ಕೀಳುವ ದಿನ ಅಜ್ಜಿಯೂ ಬಗ್ಗಿ ನೋಡುತ್ತಾ ಹೋದಳು. ಆ ತುದಿ ಮುಟ್ಟಿ, ನೆಟ್ಟಗೆ ನಿಂತು ಕೂಗಿದಳು:

“ತಾಯಮ್ಮಾ, ಬಾರೇ ಇಲ್ಲಿ! ಬರೀ ಕಡ್ಲೆಕಾಯಿ ಕಣೇ, ಬರೀ ಕಡ್ಲೆಕಾಯಿ!”

ಆಮೇಲೆ ಕಡಲೆಕಾಯಿ ಗಿಡದಿಂದ ಒಂದು ಹಳದಿ ಹೂವು ಕಿತ್ತು, ನನ್ನ ಜಡೆಗೆ ತಾನೇ ಮುಡಿಸಿದಳು.