ಚೌಕಾಬಾರದ ಬದಲಿ

ಹಾಲಿನವನು ಬರದಿದ್ದರೆ ಅವನ ವಿವರಕ್ಕೆ ಸರಿಹೊಂದುವ ಇನ್ನೊಬ್ಬನನ್ನು, ಊರಿನ ಎಲ್ಲರ ವಿವರ ದಾಖಲಿಸಿಟ್ಟುಕೊಂಡಿದ್ದ ಗಣಕಜಾಲವೇ ಹುಡುಕಿ ಕಳಿಸುತ್ತಿತ್ತು. ನಳ ರಿಪೇರಿಯವರೂ ಹಾಗೆಯೇ, ಪೂಜೆಯ ಭಟ್ಟರೂ ಹಾಗೆಯೇ. ಆದ್ದರಿಂದ ಭಾನುವಾರ ಮಧ್ಯಾಹ್ನ ಚೌಕಾಬಾರ ಆಡಲು ಗೆಳತಿ ವತ್ಸಲಾಬಾಯಿಯ ಬದಲು ಅಪರಿಚಿತ ಹೆಂಗಸೊಬ್ಬಳು ಬಂದಾಗ, ಧಾರವಾಡದ ಇಂದುಮತಿಬಾಯಿ ಚಕಾರವೆತ್ತದೆ ಚಾಪೆ ಹಾಸಿದರು. ವತ್ಸಲೆಗೆ ಮೊಣಕಾಲು ನೋವೆಂದು ಜಾಲ ತಿಳಿಸಿತ್ತು. ಆ ನೋವು ಹತ್ತು ವರ್ಷದ್ದು. ಅದಕ್ಕಾಗಿ ಆಕೆ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ.

ಹೆಂಗಸು ಕವಡೆ ಹಾಕಿದಳು. ಮೂರು ಬಿತ್ತು. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕಾಯಿಯನ್ನು ನಾಲ್ಕು ಮನೆ ದಾಟಿಸಿದಳು, ಥೇಟ್ ವತ್ಸಲೆಯ ಹಾಗೆ.

"ಇದನ್ನ ಯಾರು ಕಲಿಸಿದ್ರು ನಿಮಗ?"

"ವತ್ಸಲಾಬಾಯಿ ಅವರ ವಿವರದಾಗ ಅದ ರೀ, ಒಂದು ಮನಿ ಹೆಚ್ಚು ನಡಸ್ತಾರಂತ. ನಿಮ್ಮ ವಿವರದಾಗ, ನೋಡಿದ್ರೂ ಸುಮ್ಮನಿರ್ತಾರಂತ ಅದ. ಎರಡೂ ವತ್ಸಲಾಬಾಯಿ ಅವರೇ ಬರಸ್ಯಾರ್ರಿ."

"ನನ್ನ ವಿವರ ನೀವ್ಯಾಕ ಓದಿದ್ರಿ?"

"ಹೋದ ವಾರ ನಿಮಗ ಜ್ವರ ಇತ್ತಲ್ರಿ. ನಿಮ್ಮ ಬದಲಿ ಅವರ ಮನಿಗೆ ನಾನೇ ಹೋಗಿದ್ದೆ. ಸುಮ್ಮನ ಕೂತು ಸೋತೆ. ಭಾಳ ಖುಷಿಯಾದ್ರು ಅವರು."

ನಲವತ್ತು ವರ್ಷ ಆ ಒಂದು ಮನೆಯನ್ನು ಗೆಳೆತನಕ್ಕೆಂದೇ ಬಿಟ್ಟುಕೊಟ್ಟಿದ್ದರು ಇಂದುಮತಿಬಾಯಿ. ವತ್ಸಲೆಗೆ ಅದು ಗೊತ್ತೇ ಇಲ್ಲವೆಂದು ನಂಬಿದ್ದರು.

"ಇವತ್ತ ಅವರ ಮನಿಗೆ ಆಡ್ಲಿಕ್ಕೆ ಯಾರು ಹೋಗ್ಯಾರ?"

ಹೆಂಗಸು ಕವಡೆಗಳನ್ನು ಕೂಡಿಸಿ ಇವರತ್ತ ಸರಿಸಿದಳು. "ನಿಮ್ಮ ಆಟ ರೀ."

ಇಂದುಮತಿಬಾಯಿ ಕವಡೆ ಮುಟ್ಟಲಿಲ್ಲ. ಕೈಚಾಚಿ, ಅವಳ ಕಾಯಿಯನ್ನು ಒಂದು ಮನೆ ಹಿಂದಕ್ಕಿಟ್ಟರು.