ಸಂದಿನಲ್ಲಿ ಕಂಡ ಕಪ್ಪು ಮೀನು

ಕೆಂಪಂಗಿ ತೊಟ್ಟು ಸಮುದ್ರಕ್ಕಿಳಿದ ಅಣ್ಣ ಇನ್ನೂ ಮೇಲೆ ಬಂದಿರಲಿಲ್ಲ. ಹುಡುಕಲು ಮುಳುಗಿದ್ದ ತಂಗಿ ಶಾಂಭವಿ ಏದುಸಿರು ಬಿಡುತ್ತ ಬಂದು ದೋಣಿಯ ಅಂಚು ಹಿಡಿದಳು.

"ಎಲ್ಲೂ ಕೆಂಪು ಕಾಣಲಿಲ್ಲ ಸರ್! ಅವನ ಸಿಲಿಂಡರ್ ಖಾಲಿಯಾಗೋ ಹೊತ್ತಾಯ್ತು!"

ಡೈವಿಂಗ್ ಕಲಿಸುವ ದಾಮೋದರ ಆಗಲೇ ನೀರಿಗಿಳಿಯಲು ಸಜ್ಜಾಗಿದ್ದ. "ಅಳಬೇಡಿ ಮಾರಾಯ್ರೆ. ಎಲ್ಲಿ ಹುಡುಕಿದ್ರಿ? ಗುರುತು ಹೇಳಿ."

"ತಳದಲ್ಲಿರೋ ಹವಳದ ಬಂಡೆ. ಸಂದಿನಲ್ಲೊಂದು ಪುಟ್ಟ ಮೀನಿತ್ತು. ಕಪ್ಪು ಮೈ, ಬಿಳಿ ಪಟ್ಟೆ, ದೊಡ್ಡ ಕಣ್ಣು."

"ಕಪ್ಪಾ? ಅಂಥದ್ದು ನಾನೇ ಕಂಡಿಲ್ಲ..." ದಾಮೋದರ ತಡೆದ. "ಅಯ್ಯೋ, ಅದು ಕೆಂಪು ಮೀನೇ! ಅಷ್ಟು ಆಳದಲ್ಲಿ ಕೆಂಪೆಲ್ಲ ಕಪ್ಪಾಗಿ ಕಾಣ್ತದೆ."

ಶಾಂಭವಿ ದೋಣಿ ಬಿಟ್ಟು ನೀರಿನತ್ತ ತಿರುಗಿದಳು.

"ಅದರ ಹಿಂದೆ ಕಪ್ಪು ಚಿಂದಿಯೊಂದು ಅಲ್ಲಾಡ್ತಿತ್ತು ಸರ್. ಹರಿದ ಬಲೆ ಅಂದ್ಕೊಂಡು ಬಿಟ್ಟು ಬಂದೆ."